ಹನ್ನೆರಡು ಚಿತ್ರಗಳ ಲೆಕ್ಕ

ಸನತ್‌ನಗರದ ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಮದುವೆ, ನಾಮಕರಣಗಳ ಕಪ್ಪು-ಬಿಳುಪು ಚಿತ್ರಗಳು ರಾಶಿಯಾಗಿವೆ. ಬೀದರಿನಿಂದ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದ ನನ್ನ ತಂದೆಯವರು ತಮ್ಮ ಯಂತ್ರದ ಮುಂದೆ ನಿಂತ ಚಿತ್ರ ಮಾತ್ರ ಒಂದೂ ಇಲ್ಲ. ಕ್ಯಾಮೆರಾ ಇರಲಿಲ್ಲವೆಂದಲ್ಲ, ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಆದರೆ ಒಂದು ರೋಲಿಗೆ ಹನ್ನೆರಡೇ ಚಿತ್ರ. ರೋಲಿಗೆ ದುಡ್ಡು, ತೊಳೆಸಲು ದುಡ್ಡು, ಮುದ್ರಿಸಲು ಮತ್ತೆ ದುಡ್ಡು. ದಿನನಿತ್ಯದ ದುಡಿಮೆಗೆ ಆ ಹನ್ನೆರಡರಲ್ಲಿ ಪಾಲು ಸಿಗಲಿಲ್ಲ.

ಇದು ನೆನಪಾದದ್ದು ನೆರೆಮನೆಯ ಹುಡುಗಿಯಿಂದ. “ಕಾಕಾ, ಇಪ್ಪತ್ತೈದು ಸಾವಿರದಾಗ ಒಂದು ಚಲೋ ಕ್ಯಾಮೆರಾ ಬರ್ತದೇನ್ರಿ?” ಎಂದು ಕೇಳಿದಳು. ಅವಳ ಅಜ್ಜಿ ಕಲಬುರಗಿ ಕಡೆಯವರು, ಇಂದಿಗೂ ಕೌದಿ ಹೊಲಿಯುತ್ತಾರೆ, ಕಣ್ಣು ಮಂಜಾಗುತ್ತಿದೆ. ಹೊಲಿಗೆ ನಿಲ್ಲುವ ಮೊದಲು ಅದನ್ನು ಹಿಡಿದಿಡಬೇಕೆಂಬುದು ಅವಳ ಆಸೆ.

ಹೈದರಾಬಾದಿಗೆ ಈ ಲೆಕ್ಕಾಚಾರ ಹೊಸದಲ್ಲ. ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದ ಲಾಲಾ ದೀನ್ ದಯಾಳ್ 1874ರ ಸುಮಾರಿಗೆ ಹವ್ಯಾಸವಾಗಿ ಕ್ಯಾಮೆರಾ ಹಿಡಿದವರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು; ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ಗಾಜಿನ ಫಲಕಗಳ ವೆಚ್ಚವನ್ನು ಅರಮನೆಯೂ ಸಿರಿವಂತರೂ ಭರಿಸಬಲ್ಲವರಾಗಿದ್ದರು. ಹೆಚ್ಚಾಗಿ ಅವರ ಮುಖಗಳೇ ಉಳಿದಿವೆ.

ಡಿಜಿಟಲ್ ಕ್ಯಾಮೆರಾ ಬದಲಿಸಿದ್ದು ಮುಖ್ಯವಾಗಿ ಈ ವೆಚ್ಚದ ಸ್ಥಾನವನ್ನು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮಾದರಿ ಮೂರೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಬೇಕಿತ್ತು. 1999ರ ನಿಕಾನ್ ಡಿ1ಕ್ಕೆ ಸುಮಾರು 5,000 ಡಾಲರು. ಜನಸಾಮಾನ್ಯರ ಆಸೆಗೆ ಬಾಗಿಲು ತೆರೆದದ್ದು 2003ರ ಆಗಸ್ಟ್‌ನಲ್ಲಿ. ನಮ್ಮ ಮಗ್ಗುಲಲ್ಲಿ ಎಂಎಂಟಿಎಸ್ ರೈಲು ಓಡತೊಡಗಿದ ತಿಂಗಳೇ ಕ್ಯಾನನ್ 300ಡಿ ಪ್ರಕಟವಾಯಿತು. ಬೆಲೆ 899 ಡಾಲರು. ಒಡಲು ಪ್ಲಾಸ್ಟಿಕ್ಕಿನದು, ಕೆಲವು ಸೌಲಭ್ಯಗಳಿಗೆ ಕತ್ತರಿ. ಆದರೆ ಬೆಳಕು ಹಿಡಿಯುವ ಸಂವೇದಕ ಮಾತ್ರ ಅದೇ ವರ್ಷದ ದುಬಾರಿ 10ಡಿಯಷ್ಟೇ, ಎಂದರೆ 63 ಲಕ್ಷ ಬಿಂದುಗಳದು. ಅಗ್ಗದ ಕ್ಯಾಮೆರಾವನ್ನು ಅಳೆಯುವ ಪ್ರಶ್ನೆ ಅಂದಿಗೂ ಇಂದಿಗೂ ಒಂದೇ: ತಯಾರಕ ಎಲ್ಲಿ ಉಳಿಸಿದ? 2006ರ ನಿಕಾನ್ ಡಿ40 ಒಡಲೊಳಗಿನ ಫೋಕಸ್ ಮೋಟಾರನ್ನೇ ಬಿಟ್ಟಿತು. ಹಳೆಯ ಲೆನ್ಸ್‌ಗಳನ್ನು ಅದಕ್ಕೆ ಜೋಡಿಸಬಹುದು, ಆದರೆ ಅವುಗಳಲ್ಲಿ ಬಹಳಷ್ಟನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಅಗ್ಗವೆಂದು ಕೊಂಡವರಿಗೆ ಇದು ತಡವಾಗಿ ತಿಳಿಯುತ್ತಿತ್ತು.

ಹಿಂದೆ ತಪ್ಪು ಆಯ್ಕೆ ರೋಲು ರೋಲಾಗಿ ನೋಯಿಸುತ್ತಿತ್ತು. ಈಗ ಹಣವೆಲ್ಲ ಮೊದಲ ದಿನವೇ ಕೈಬಿಡುತ್ತದೆ. ಆಮೇಲೆ ಗುಂಡಿ ಒತ್ತುವುದಕ್ಕೆ ಖರ್ಚಿಲ್ಲ. ಹಾಗಾಗಿ ನಾನು ಹುಡುಗಿಗೆ ಹೇಳಿದ್ದು: ಒಡಲು ಹಳೆಯದಾದರೂ ಚಿಂತೆಯಿಲ್ಲ, ಶಟರ್ ಎಷ್ಟು ಸಾವಿರ ಬಾರಿ ಬಿದ್ದಿದೆ ಎಂದು ಕೇಳು, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡು, ಜೊತೆಗೆ ಕೊಡುವ 18-55 ಲೆನ್ಸ್ ಬಿಟ್ಟು 50 ಮಿಲಿಮೀಟರಿನದನ್ನು ಕೊಳ್ಳು. ಕೋಠಿಯಲ್ಲಿ ಅಲೆದು, ಬಳಸಿದ ಕ್ಯಾನನ್ ಕ್ಯಾಮೆರಾ ತಂದಳು.

ನನ್ನ ಕೊನೆಯ ಸಲಹೆ ತಪ್ಪಾಗಿತ್ತು. ಚಿಕ್ಕ ಸಂವೇದಕದ ಮೇಲೆ 50ರ ಲೆನ್ಸ್ 80ರದರಂತೆ ವರ್ತಿಸುತ್ತದೆ. ಸನತ್‌ನಗರದ ಕ್ವಾರ್ಟರ್ಸಿನ ಹತ್ತಡಿ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವೆಲ್ಲಿ? ಅಜ್ಜಿಯ ಬೆರಳು, ಸೂಜಿ, ದಾರ ಚೆನ್ನಾಗಿ ಬಂದವು. ಹಾಸಿದ ಕೌದಿ ಬರಲಿಲ್ಲ. ಆಕೆ ಹೊಸ್ತಿಲಾಚೆ ನಿಂತರೂ ಅರ್ಧವೇ. ಕಡೆಗೆ ನಾನು ಬೇಡವೆಂದಿದ್ದ 18-55 ಲೆನ್ಸನ್ನೇ ಬಳಸಿದ್ದರಲ್ಲಿ ಹುಡುಕಿ ತಂದಳು. ಅದರ ಮೊದಲ ರೂಪ 300ಡಿಯೊಡನೆ ಬಂದದ್ದು, ಚಿಕ್ಕ ಸಂವೇದಕಕ್ಕೆಂದೇ ಮಾಡಿದ್ದು ಎಂಬುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಮೊನ್ನೆ ಒಂದೇ ಸಂಜೆ ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆದಳಂತೆ. ಅಜ್ಜಿ ಸೂಜಿಯಿಂದ ಕಣ್ಣೆತ್ತದೆ ಕೇಳಿದರಂತೆ: “ಇನ್ನೂ ರೋಲು ಮುಗೀಲಿಲ್ಲೇನವ್ವಾ?”