ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹತೋಟಿ

ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ತೆಗೆಸಿಕೊಂಡವರಲ್ಲಿ ಕ್ಯಾತಿಟರ್ ತೆಗೆದ ಬಳಿಕ ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು ಸಾಮಾನ್ಯ. ಮೂತ್ರವನ್ನು ತಡೆಯುವ ಎರಡು ಸ್ನಾಯುಗಳಲ್ಲಿ ಒಳಗಿನದು ಗ್ರಂಥಿಗೆ ಹೊಂದಿಕೊಂಡಿದ್ದು, ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಧಕ್ಕೆಯಾಗುತ್ತದೆ. ಹೊಣೆಯೆಲ್ಲ ಹೊರಗಿನದರ ಮೇಲೆ ಬೀಳುತ್ತದೆ. ಅದನ್ನು ಬಲಪಡಿಸುವುದೇ ಮೊದಲ ಚಿಕಿತ್ಸೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯಾದ ಸ್ತ್ರೀಯರಿಗಾಗಿ ವಿವರಿಸಿದ ವ್ಯಾಯಾಮವೇ ಪುರುಷರಿಗೂ ಒದಗಿಬಂದಿದೆ. ಅಪಾನವಾಯುವನ್ನು ತಡೆಯುವಾಗ ಬಿಗಿಯುವ ಸ್ನಾಯುವನ್ನು ಗುರುತಿಸಿ, 5ರಿಂದ 10 ಸೆಕೆಂಡ್ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಿಸಬೇಕು. ಹೀಗೆ 10 ಬಾರಿ, ದಿನಕ್ಕೆ 3 ಸಲ. ಉಸಿರು ಕಟ್ಟಬಾರದು; ಹೊಟ್ಟೆ, ತೊಡೆ ಬಿಗಿಯಬಾರದು. ಶಸ್ತ್ರಚಿಕಿತ್ಸೆಗೆ ಮುನ್ನವೇ ಕಲಿತರೆ ಒಳಿತು. ಕ್ಯಾತಿಟರ್ ಇರುವಷ್ಟು ದಿನ ಮಾತ್ರ ನಿಲ್ಲಿಸಬೇಕು. ಬಹುತೇಕರಿಗೆ 3ರಿಂದ 12 ತಿಂಗಳೊಳಗೆ ಹತೋಟಿ ಮರಳುತ್ತದೆ.

ವೇದಗಂಗಾ-ದೂಧಗಂಗಾ ಸಂಗಮದ ಭೋಜದಂತಹ ಊರುಗಳಿಂದ ತಪಾಸಣೆಗೆ ಬೆಳಗಾವಿಗೋ ಕೊಲ್ಹಾಪುರಕ್ಕೋ ಬಸ್ಸಿನಲ್ಲಿ ಹೋಗುವವರು ಸೋರುವ ಭಯಕ್ಕೆ ನೀರನ್ನೇ ಬಿಡುವುದುಂಟು. ಇದು ತಪ್ಪು. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಕಡಿಮೆ ಮಾಡಬೇಕಾದುದು ಚಹಾ. ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಬೀಡಿಯ ಮಾತನ್ನೂ ಹೇಳಲೇಬೇಕು: ಬೀಡಿಯ ಕೆಮ್ಮು ನಿಲ್ಲದೆ ಸೋರಿಕೆ ನಿಲ್ಲುವುದು ಕಷ್ಟ.

ವಿಕಿರಣ ಚಿಕಿತ್ಸೆ ಪಡೆದವರ ತೊಂದರೆ ಬೇರೆ. ಅವರಿಗೆ ಸೋರಿಕೆಗಿಂತ ಅವಸರ ಹೆಚ್ಚು, ಅದಕ್ಕೆ ಮಾತ್ರೆಗಳಿವೆ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿಕೊಂಡರೆ ಯಾರೇ ಆಗಲಿ ತಡಮಾಡಬಾರದು.

ವರ್ಷ ಕಳೆದರೂ ಸೋರಿಕೆ ನಿಲ್ಲದವರು ನಾಚಿಕೆಯಿಂದ ಮುಚ್ಚಿಟ್ಟು ಬಟ್ಟೆ ಕಟ್ಟಿಕೊಂಡೇ ಕಾಲ ಕಳೆಯಬೇಕಿಲ್ಲ. ಮೂತ್ರನಾಳಕ್ಕೆ ಆಸರೆ ಕೊಡುವ ಜಾಲರಿಪಟ್ಟಿಯನ್ನಾಗಲಿ, ಕೈಯಿಂದ ಒತ್ತಿ ತೆರೆಯುವ ಕೃತಕ ಕವಾಟವನ್ನಾಗಲಿ ಮೂತ್ರರೋಗ ತಜ್ಞರು ಅಳವಡಿಸಬಲ್ಲರು.