‘ಅನ್‌ಲಿಮಿಟೆಡ್’ ಅನ್ನೋ ಪದದ ಚರಿತ್ರೆ

📷 1/5

ಒಂದು ನಿಮಿಷ ನಿಮ್ಮ ರೀಚಾರ್ಜ್ ಆಪ್ ತೆಗೆದು ನೋಡಿ. ಮೇಲೆ ದಪ್ಪ ಅಕ್ಷರದಲ್ಲಿ ‘ಅನ್‌ಲಿಮಿಟೆಡ್’. ಕೆಳಗೆ ಸಣ್ಣ ಅಕ್ಷರದಲ್ಲಿ ‘ದಿನಕ್ಕೆ 1.5 ಜಿಬಿ, ಆಮೇಲೆ 64 ಕೆಬಿಪಿಎಸ್’. ಆ ಸ್ಪೀಡಲ್ಲಿ ಮ್ಯಾಪ್ ತೆರೆಯೋಕೆ ಹೋದ್ರೆ ಬರೀ ಚಕ್ರ ತಿರುಗ್ತಾ ಇರುತ್ತೆ.

ಸರ್ಜಾಪುರದಲ್ಲಿ ಇದು ಟೈಂಪಾಸ್ ವಿಷಯ ಅಲ್ಲ. ಡೆಲಿವರಿ ಹುಡುಗರಿಗೆ ಡೇಟಾ ಅಂದ್ರೆ ಪೆಟ್ರೋಲ್ ಇದ್ದ ಹಾಗೆ. ಅತ್ತಿಬೆಲೆ ಕಡೆ ಶಿಫ್ಟ್‌ಗೆ ಹೋಗೋರು ಊರಿಗೆ ದುಡ್ಡು ಕಳಿಸೋದೂ ಅದರಲ್ಲೇ, ಮಕ್ಕಳ ಮುಖ ನೋಡೋದೂ ಅದರಲ್ಲೇ.

ಇವತ್ತಿನ ಫೋಟೋ ನಮ್ಮೂರ ಒಂದು ರೀಚಾರ್ಜ್ ಅಂಗಡಿಯದು. ಬೋರ್ಡಿನ ಬಣ್ಣ ಹೋಗಿದೆ, ಆದ್ರೆ ‘ಲೈಫ್‌ಟೈಮ್’ ಅನ್ನೋ ಅಕ್ಷರ ಇನ್ನೂ ಓದಬಹುದು. ಕಥೆ ಆ ಪದದಿಂದಲೇ ಶುರು.

📷 2/5

2005ರ ಡಿಸೆಂಬರ್. ಅಲ್ಲಿವರೆಗೆ ಪ್ರೀಪೇಯ್ಡ್ ಸಿಮ್ ಅಂದ್ರೆ ವ್ಯಾಲಿಡಿಟಿ ಮುಗಿಯೋ ಭಯ. ಆಗ ಬಂತು ‘ಲೈಫ್‌ಟೈಮ್’ ಪ್ಲಾನ್. ಒಂದೇ ಸಲ 999 ರೂಪಾಯಿ ಕೊಟ್ರೆ ಸಾಯೋವರೆಗೂ ಇನ್‌ಕಮಿಂಗ್ ಫ್ರೀ ಅಂತ ಜನ ಅರ್ಥ ಮಾಡ್ಕೊಂಡ್ರು. ಮಿಸ್ಡ್ ಕಾಲ್ ಕೊಟ್ಟು ಬದುಕು ನಡೆಸ್ತಿದ್ದ ಮನೆಗಳಿಗೆ ಇದು ದೊಡ್ಡ ವಿಷಯ.

ಆದ್ರೆ ಯಾರ ‘ಲೈಫ್’? 2006ರ ಮಾರ್ಚ್‌ನಲ್ಲಿ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಉತ್ತರ ಕೊಟ್ಟಿತು. ‘ಲೈಫ್‌ಟೈಮ್’ ಅಂತ ಮಾರಿದ ಪ್ಲಾನ್ ಕಂಪನಿಯ ಲೈಸೆನ್ಸ್ ಇರೋವರೆಗೂ, ಲೈಸೆನ್ಸ್ ನವೀಕರಣ ಆದ್ರೆ ಆಮೇಲೂ, ನಡೀಬೇಕು. ಅಂದ್ರೆ ಜೀವನ ನಿಮ್ಮದಲ್ಲ, ಲೈಸೆನ್ಸ್‌ದು!

ನಗು ಬಂದ್ರೂ ಆ ಆದೇಶದಲ್ಲಿ ಒಂದು ಗಟ್ಟಿ ಮಾತಿತ್ತು: ಮುಂಗಡ ದುಡ್ಡು ತಗೊಂಡು ಇಷ್ಟು ಕಾಲ ಅಂತ ಹೇಳಿದ್ರೆ ಅಷ್ಟು ಕಾಲ ಕೊಡಲೇಬೇಕು. ಇದಕ್ಕೂ ಮುಂಚೆ, 2004ರಲ್ಲಿ, ಇನ್ನೊಂದು ನಿಯಮ ಬಂದಿತ್ತು. ನೀವು ಒಂದು ಪ್ಲಾನಿಗೆ ಸೇರಿದ ಮೇಲೆ ಆರು ತಿಂಗಳು ಅದರ ದರ ಏರಿಸೋ ಹಾಗಿಲ್ಲ.

2018ರ ಕೊನೆಗೆ ಕಾಲ ಬದಲಾಯ್ತು. 35 ರೂಪಾಯಿಯ ಕನಿಷ್ಠ ರೀಚಾರ್ಜ್ ಹಾಕ್ಸದಿದ್ರೆ ಸೇವೆ ನಿಲ್ಲುತ್ತೆ ಅಂತ ಜನರಿಗೆ ಮೆಸೇಜ್ ಬರೋಕೆ ಶುರುವಾಯ್ತು, ಬ್ಯಾಲೆನ್ಸ್ ಇದ್ದವರಿಗೂ. ಟ್ರಾಯ್ ಮಧ್ಯ ಬಂದು, ಬ್ಯಾಲೆನ್ಸ್ ಇರೋ ಗ್ರಾಹಕರನ್ನ ಸದ್ಯಕ್ಕೆ ಕಟ್ ಮಾಡಬೇಡಿ, ಅವರಿಗೆ ಎಲ್ಲಾ ಸರಿಯಾಗಿ ತಿಳಿಸಿ ಅಂತ ಕಂಪನಿಗಳಿಗೆ ಹೇಳ್ತು. ಆದ್ರೂ ಕನಿಷ್ಠ ರೀಚಾರ್ಜ್ ಅನ್ನೋದು ಅಲ್ಲಿಂದ ಗಟ್ಟಿಯಾಗಿ ಕೂತುಬಿಡ್ತು.

📷 3/5

ಈಗ ಡೇಟಾ ಕಡೆ ಬನ್ನಿ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು, 2017ರ ಮಾರ್ಚ್ 31ರವರೆಗೂ ಫ್ರೀ. ಸಿಮ್‌ಗೆ ಕ್ಯೂ ನಿಂತಿದ್ದು ನೆನಪಿದ್ಯಾ? ಆಮೇಲೆ 99 ರೂಪಾಯಿಗೆ ಪ್ರೈಮ್, 303 ರೂಪಾಯಿಗೆ 28 ದಿನ. ‘ಸಮ್ಮರ್ ಸರ್‌ಪ್ರೈಸ್’ ಅಂತ ಇನ್ನೂ ಮೂರು ತಿಂಗಳು ಕೊಡೋಕೆ ಹೋದಾಗ 2017ರ ಏಪ್ರಿಲ್‌ನಲ್ಲಿ ಟ್ರಾಯ್ ಮಾತಿನ ಮೇಲೆ ವಾಪಸ್ ತಗೊಂಡ್ರು. ಆ ಪೈಪೋಟಿಯಲ್ಲಿ ಎಷ್ಟೋ ಕಂಪನಿಗಳು ಉಳೀಲಿಲ್ಲ. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕ್ತು. 2019ರ ಜುಲೈಗೆ ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಸೇರ್ತು. ಅಂಗಡಿ ಕಡಿಮೆ ಆದ್ರೆ ರೇಟ್ ಏನಾಗುತ್ತೆ ಅಂತ ಸಂತೆಗೆ ಹೋಗೋರಿಗೆ ಹೇಳಿಕೊಡಬೇಕಾ?

ನಾನು ಬಿಕಾಂ, ಲೆಕ್ಕ ಹಾಕೇ ಹಾಕ್ತೀನಿ. 28 ದಿನದ ಪ್ಲಾನ್ ಅಂದ್ರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. 2024ರ ಜುಲೈಗೂ ಮುಂಚೆ ಜಿಯೋದಲ್ಲಿ ದಿನಕ್ಕೆ 1 ಜಿಬಿ, 28 ದಿನಕ್ಕೆ 209 ರೂಪಾಯಿ. ಜುಲೈ 3ಕ್ಕೆ ಅದು 249 ಆಯ್ತು. 2025ರ ಆಗಸ್ಟ್‌ನಲ್ಲಿ 249ರ ಪ್ಲಾನೇ ಆಪ್ ಪಟ್ಟಿಯಿಂದ ಹೋಯ್ತು. ಉಳಿದಿದ್ದು 1.5 ಜಿಬಿಯ 299. ಅಂದ್ರೆ ವರ್ಷಕ್ಕೆ 2,717 ಇದ್ದ ಖರ್ಚು 3,887. ಒಂದು ಸಿಮ್‌ಗೆ 1,170 ರೂಪಾಯಿ ಜಾಸ್ತಿ. ಮನೇಲಿ ನಾಲ್ಕು ಸಿಮ್ ಇದ್ರೆ ನೀವೇ ಗುಣಿಸಿಕೊಳ್ಳಿ. ಏರ್‌ಟೆಲ್ ಕೂಡ ಅದೇ ತಿಂಗಳು ತನ್ನ 249ರ ಪ್ಲಾನ್ ತೆಗೀತು. ‘ಅನ್‌ಲಿಮಿಟೆಡ್ 5ಜಿ’ ಅನ್ನೋದನ್ನ 2024ರ ಜುಲೈನಲ್ಲೇ ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಮಾತ್ರ ಅಂತ ಮಾಡಿದ್ರು.

ಪ್ಲಾನ್ ನಿಲ್ಲಿಸೋದು ತಪ್ಪಾ? ಕಾನೂನು ಪ್ರಕಾರ ಅಲ್ಲ. ಹೊಸಬರಿಗೆ ಮಾರೋದು ಬಿಡೋದು ಕಂಪನಿ ಇಷ್ಟ. ತಪ್ಪಾಗೋದು, ದುಡ್ಡು ಕೊಟ್ಟವರಿಗೆ ಹೇಳಿದ್ದನ್ನ ಕೊಡದಿದ್ದಾಗ.

📷 4/5

ಇದಕ್ಕೆ ಅಮೆರಿಕದ ಉದಾಹರಣೆ ನೋಡಿ. ಅಲ್ಲಿ ಎಟಿ ಅಂಡ್ ಟಿ ಕಂಪನಿ 2007ರಿಂದ ಐಫೋನ್ ಜೊತೆ ಅನ್‌ಲಿಮಿಟೆಡ್ ಡೇಟಾ ಮಾರ್ತು. 2010ರಲ್ಲಿ ಹೊಸಬರಿಗೆ ನಿಲ್ಲಿಸ್ತು. ಅಲ್ಲಿವರೆಗೂ ಸರಿ. ಆದ್ರೆ 2011ರಿಂದ ಹಳೇ ಅನ್‌ಲಿಮಿಟೆಡ್ ಗ್ರಾಹಕರ ಸ್ಪೀಡ್ ಇಳಿಸೋಕೆ ಶುರು ಮಾಡ್ತು, ಕೆಲವರಿಗೆ ತಿಂಗಳಿಗೆ 2 ಜಿಬಿ ದಾಟಿದ ತಕ್ಷಣ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಕೇಸ್ ಹಾಕ್ತು: ಕನಿಷ್ಠ 35 ಲಕ್ಷ ಗ್ರಾಹಕರಿಗೆ ಹೀಗೆ ಆಗಿದೆ ಅಂತ. 2019ರಲ್ಲಿ 6 ಕೋಟಿ ಡಾಲರ್‌ಗೆ ರಾಜಿ ಆಯ್ತು. ತಲೆಗೆ ಹಂಚಿದ್ರೆ ಸುಮಾರು 17 ಡಾಲರ್. ಐದು ವರ್ಷ ಕಾದಿದ್ದಕ್ಕೆ ಇಷ್ಟೇ. ಆದ್ರೂ ಒಬ್ಬೊಬ್ಬರೂ ಕೋರ್ಟ್ ಹತ್ತದೆ ದುಡ್ಡು ವಾಪಸ್ ಬಂತು, ಅದು ಮುಖ್ಯ.

ನಮ್ಮಲ್ಲಿ? ಬಾಗಿಲೇ ಮುಚ್ಚಿತ್ತು. ಕೇರಳದ ಕೋಝಿಕ್ಕೋಡ್‌ನಲ್ಲಿ ಒಬ್ಬರ ಟೆಲಿಫೋನ್ ಕಟ್ ಮಾಡಿದ್ರು. ಗ್ರಾಹಕರ ವೇದಿಕೆ ವಾಪಸ್ ಕನೆಕ್ಷನ್ ಕೊಡಿ, 5,000 ರೂಪಾಯಿ ಪರಿಹಾರ ಕೊಡಿ ಅಂತು. ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿ, 2009ರ ಸೆಪ್ಟೆಂಬರ್ 1ಕ್ಕೆ ತೀರ್ಪು ಬಂತು: 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಇಂಥ ಜಗಳ ಪಂಚಾಯ್ತಿದಾರರ ಮುಂದೆ ಹೋಗಬೇಕು, ಗ್ರಾಹಕರ ವೇದಿಕೆಗೆ ಅಧಿಕಾರ ಇಲ್ಲ. ಅಲ್ಲಿಂದ ಮೊಬೈಲ್ ಕಂಪನಿಗಳೂ ಇದೇ ತೀರ್ಪನ್ನ ಗುರಾಣಿ ಮಾಡ್ಕೊಂಡ್ವು.

ಅದನ್ನ ಸರಿ ಮಾಡಿದ್ದು ಅಹಮದಾಬಾದಿನ ಒಬ್ಬ ಗ್ರಾಹಕರ ಕೇಸು. ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ ಬರ್ತಿದ್ದವರಿಗೆ 2013ರಲ್ಲಿ ಒಂದೇ ತಿಂಗಳಿಗೆ 24,609 ರೂಪಾಯಿ ಬಂತು. ಅವರು ಬಿಡಲಿಲ್ಲ. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಹೇಳ್ತು: ಟೆಲಿಗ್ರಾಫ್ ಕಾಯ್ದೆಯಲ್ಲಿ ಬೇರೆ ದಾರಿ ಇದೆ ಅನ್ನೋ ಕಾರಣಕ್ಕೆ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚೋದಿಲ್ಲ.

2009ರಿಂದ 2022. ಲೆಕ್ಕ ಹಾಕಿ: 3ಜಿ, 4ಜಿ, ಜಿಯೋ, ಕಂಪನಿಗಳು ಮುಚ್ಚಿದ್ದು, 35 ರೂಪಾಯಿ ನಿಯಮ, ಎಲ್ಲಾ ನಡೆದಿದ್ದು ಈ ಅವಧಿಯಲ್ಲೇ. ಜನ ಸುಮ್ಮನಿದ್ರು ಅಂತಾರೆ. ಹೋಗೋಕೆ ಜಾಗ ಎಲ್ಲಿತ್ತು?

📷 5/5

ಹಾಗಾದ್ರೆ ಈಗ ಎಲ್ಲರೂ ಸೇರಿ ಒಂದೇ ಕೇಸ್ ಹಾಕಬಹುದಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಅದಕ್ಕೇ ಇದೆ. ಆದ್ರೆ ಸುಲಭ ಅಲ್ಲ. ನಮ್ಮ ಬೆಂಗಳೂರಿನ ಬ್ರಿಗೇಡ್ ಕಂಪನಿಯ ಅಪಾರ್ಟ್‌ಮೆಂಟ್ ಕೇಸಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: 1,134 ಮನೆಗಳಲ್ಲಿ 51 ಮನೆ ಕೊಂಡವರು ತಮ್ಮ ಪರವಾಗಿ ಒಟ್ಟಿಗೆ ದೂರು ಕೊಡಬಹುದು. ಎಲ್ಲರ ಪರವಾಗಿ ಕೊಡಬೇಕು ಅಂದ್ರೆ, ಎಲ್ಲರ ಹಿತಾಸಕ್ತಿ ಒಂದೇ ಅಂತ ದೂರಿನಲ್ಲೇ ತೋರಿಸಬೇಕು. ಒಂದು ಪಿಜಿಯ ಹತ್ತು ಜನ ಒಂದೇ ಪ್ಲಾನಿನ ಬಗ್ಗೆ ಜಂಟಿ ದೂರು ಕೊಡೋಕೆ ಈ ದಾರಿ ಸಾಕು.

ಸೇವ್ ಮಾಡ್ಕೊಳ್ಳಿ 👇

▪️ ರೀಚಾರ್ಜ್ ಮಾಡಿದ ದಿನವೇ ಪ್ಲಾನಿನ ಸ್ಕ್ರೀನ್‌ಶಾಟ್ ತೆಗೀರಿ, ಸಣ್ಣ ಅಕ್ಷರ ಸಮೇತ.
▪️ ಮೊದಲು ಕಂಪನಿಗೆ ದೂರು (198), ಡಾಕೆಟ್ ನಂಬರ್ ಇಟ್ಕೊಳ್ಳಿ. ಆಮೇಲೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ.
▪️ ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. 1915ಕ್ಕೆ ಕಾಲ್ ಮಾಡಿ, ಇಲ್ಲಾ ಜಿಲ್ಲಾ ಗ್ರಾಹಕರ ಆಯೋಗ. ಸರ್ಜಾಪುರ ಆನೇಕಲ್ ತಾಲೂಕು, ಅಂದ್ರೆ ಬೆಂಗಳೂರು ನಗರ ಜಿಲ್ಲೆ. ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಫೀಸ್ ಇಲ್ಲ, ವಕೀಲರು ಕಡ್ಡಾಯ ಅಲ್ಲ.
▪️ ಅಜ್ಜಿ-ತಾತನ ಕೀಪ್ಯಾಡ್ ಫೋನಿಗೆ ಡೇಟಾ ಬೇಡವಾ? 2024ರ ಡಿಸೆಂಬರ್‌ನ ಟ್ರಾಯ್ ನಿಯಮದಿಂದ ಕಾಲ್-ಎಸ್‌ಎಂಎಸ್ ಮಾತ್ರ ಇರೋ ಪ್ಯಾಕ್ ಕೊಡಲೇಬೇಕು. ಅಂಗಡಿಯವರು ಹೇಳದಿದ್ರೆ ನೀವೇ ಕೇಳಿ.

ನಿಮಗೆ ಹೇಳದೆ ಮಾಯವಾದ ಹಳೇ ಪ್ಲಾನ್ ಯಾವುದು? ಎಷ್ಟು ರೂಪಾಯಿ, ಯಾವ ವರ್ಷ ಅಂತ ಕಾಮೆಂಟ್‌ನಲ್ಲಿ ಬರೀರಿ. ಪಟ್ಟಿ ಮಾಡಿ ಇಡೋಣ, ಆಪ್‌ನಲ್ಲಂತೂ ಅದು ಉಳಿಯಲ್ಲ.

#ಸರ್ಜಾಪುರ #ರೀಚಾರ್ಜ್‌ಚರಿತ್ರೆ #ಗ್ರಾಹಕರಹಕ್ಕು #ಕನ್ನಡದಲ್ಲಿಇತಿಹಾಸ