ತರಗತಿಗೆ ಬಂದ ವಿಡಿಯೊ ಕ್ಯಾಮೆರಾ

1956ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರಾಲ್ಡ್ ಜಕರಿಯಾಸ್ ಅವರ ನೇತೃತ್ವದಲ್ಲಿ ಭೌತವಿಜ್ಞಾನ ಬೋಧನೆಯ ಸುಧಾರಣೆ ಆರಂಭವಾಯಿತು. ಅದರ ಅಂಗವಾಗಿ ಪ್ರೌಢಶಾಲೆಗಳಿಗೆ ಪ್ರಯೋಗಗಳ ಚಲನಚಿತ್ರಗಳು ತಯಾರಾದವು. 1975–76ರಲ್ಲಿ ಭಾರತದ ‘ಸೈಟ್’ ಪ್ರಯೋಗವು ಎಟಿಎಸ್-6 ಉಪಗ್ರಹದ ಮೂಲಕ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಎರಡರಲ್ಲೂ ಚಿತ್ರಗಳು ಬೇರೆಡೆ ತಯಾರಾಗುತ್ತಿದ್ದವು. ಅವುಗಳನ್ನು ತೋರಿಸಿ ವಿವರಿಸುವುದಷ್ಟೇ ಶಿಕ್ಷಕರ ಪಾಲಿಗಿತ್ತು.

1995ರಲ್ಲಿ ಬಂದ ಡಿಜಿಟಲ್ ವಿಡಿಯೊ ಕ್ಯಾಮೆರಾ ಈ ಸ್ಥಿತಿಯನ್ನು ಬದಲಿಸಿತು. ದೃಶ್ಯವನ್ನು ಕೇಬಲಿನ ಮೂಲಕ ಗಣಕಕ್ಕೆ ತಂದು ಶಿಕ್ಷಕರೇ ಸಂಕಲಿಸುವುದು ಸಾಧ್ಯವಾಯಿತು. ಇಂದು ಮೊಬೈಲ್ ಫೋನೇ ಸಾಕು. ಆದರೆ ವಿಜ್ಞಾನ ಶಿಕ್ಷಕರು ಚಿತ್ರೀಕರಣದ ಜೊತೆಗೆ ಅಳತೆಯ ಶಿಸ್ತನ್ನೂ ಕಲಿಯಬೇಕು. ಕ್ಯಾಮೆರಾ ಅಲುಗಬಾರದು, ಚಲನೆಯ ಪಥಕ್ಕೆ ನೇರ ಎದುರಿಗಿರಬೇಕು, ದೃಶ್ಯದಲ್ಲಿ ಅಳತೆಪಟ್ಟಿ ಕಾಣಬೇಕು.

ಸೆಕೆಂಡಿಗೆ 25 ಫ್ರೇಮ್‌ಗಳಿದ್ದರೆ ಎರಡು ಫ್ರೇಮ್‌ಗಳ ನಡುವಿನ ಕಾಲ 0.04 ಸೆಕೆಂಡು. ಒಂದು ಫ್ರೇಮ್ ದಾಖಲಾದ ಕ್ಷಣದಲ್ಲೇ ಕೈಬಿಟ್ಟ ಚೆಂಡು ಮುಂದಿನ ನಾಲ್ಕು ಅವಧಿಗಳಲ್ಲಿ ಸುಮಾರು 0.8, 2.4, 3.9, 5.5 ಸೆಂ.ಮೀ. ಬೀಳುತ್ತದೆ. ಇದು ಗೆಲಿಲಿಯೊ ಕಂಡ 1:3:5:7 ಅನುಪಾತ. ‘ಟ್ರ್ಯಾಕರ್’ ಎಂಬ ಉಚಿತ ತಂತ್ರಾಂಶದಿಂದ ವಿದ್ಯಾರ್ಥಿಗಳೇ ಇದನ್ನು ಅಳೆಯಬಹುದು. ಅಂಕಿಗಳು ಹೊಂದದಿದ್ದರೆ ಕಾರಣ ಹುಡುಕಿ ಮತ್ತೆ ಚಿತ್ರೀಕರಿಸಬಹುದು. ಬೇರೆಡೆ ತಯಾರಾಗಿ ಬಂದ ಚಿತ್ರದಲ್ಲಿ ಈ ಅವಕಾಶ ಇರಲಿಲ್ಲ.